ಮರಗೆಲಸಕ್ಕೆ ಕೈ ಬ್ರೇಸ್: ಆಯ್ಕೆ, ಪರಿಶೀಲನೆ ಮತ್ತು ಬಳಕೆಯ ವಿಧಾನ

(ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಬಡಗಿ ವೃತ್ತಿಯ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಗ್ರಾಮೀಣ ಕುಶಲಕರ್ಮಿಗಳಿಗೆ ಉಪಕರಣಗಳನ್ನು ಒದಗಿಸುವ ಸರ್ಕಾರಿ ಯೋಜನೆಗಳಲ್ಲಿ ಬಡಗಿ ವೃತ್ತಿಯೂ ಸೇರಿದೆ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಬಡಗಿ ವೃತ್ತಿಯು ಒಂದಾಗಿದ್ದು, ಈ ಯೋಜನೆಯಡಿ ಉಪಕರಣಗಳಿಗಾಗಿ ರೂ. 15,000ದವರೆಗೆ ಇ-ವೋಚರ್ ರೂಪದಲ್ಲಿ ನೆರವು ನೀಡಲು ಅವಕಾಶವಿದೆ. ಇದಲ್ಲದೆ ಜಿಲ್ಲಾ ಪಂಚಾಯಿತಿಯ ಕಾರ್ಯಕ್ರಮದಡಿ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ, ಆಯಾ ವರ್ಷದ ಪ್ರಕಟಣೆಗೆ ಅನುಸಾರವಾಗಿ, ಸುಧಾರಿತ ಉಪಕರಣಗಳನ್ನು ವಿತರಿಸಲಾಗುತ್ತದೆ.

ಇಂತಹ ನೆರವು ಒಬ್ಬ ಕುಶಲಕರ್ಮಿಗೆ ಪದೇ ಪದೇ ದೊರೆಯುವಂತಹುದಲ್ಲ. ಆದುದರಿಂದ ದೊರೆತ ಉಪಕರಣವು ತನ್ನ ಕೆಲಸಕ್ಕೆ ಹೊಂದುವಂತಹುದೇ, ದೋಷರಹಿತವೇ ಎಂಬುದನ್ನು ಸ್ವೀಕರಿಸುವ ಮುನ್ನವೇ ನೋಡಿಕೊಳ್ಳುವುದು ಅವಶ್ಯಕ. ಬಾಗಿದ ಬ್ರೇಸ್ ಅಥವಾ ಹೊಂದದ ಬಿಟ್‌ನಿಂದ ಕೊರೆದ ರಂಧ್ರವು ಗ್ರಾಹಕರ ಮರವನ್ನು ಹಾಳು ಮಾಡುತ್ತದೆ. ಆ ನಷ್ಟವನ್ನು ಭರಿಸಬೇಕಾದವನು ಬಡಗಿಯೇ. ಮರದಲ್ಲಿ ರಂಧ್ರ ಕೊರೆಯಲು ಬಳಸುವ ಕೈ ಬ್ರೇಸ್ ಬಗ್ಗೆ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಕೈ ಬ್ರೇಸ್ ಎಂದರೇನು?

ನಮ್ಮ ಗ್ರಾಮಗಳ ಬಡಗಿಗಳು ಬಹುಕಾಲದಿಂದ ಬೈರಿಗೆಯನ್ನು ಬಳಸುತ್ತಾ ಬಂದಿದ್ದಾರೆ. ಹಗ್ಗ ಮತ್ತು ಬಿಲ್ಲಿನ ಸಹಾಯದಿಂದ ತಿರುಗಿಸುವ ಬೈರಿಗೆಯು ಮುಂದಕ್ಕೂ ಹಿಂದಕ್ಕೂ ತಿರುಗುವುದರಿಂದ ಅದರ ಅರ್ಧದಷ್ಟು ಶ್ರಮ ಮಾತ್ರ ಕೊರೆಯುವುದಕ್ಕೆ ಉಪಯೋಗವಾಗುತ್ತದೆ. ಕೈ ಬ್ರೇಸ್ ಒಂದೇ ದಿಕ್ಕಿನಲ್ಲಿ ನಿರಂತರವಾಗಿ ತಿರುಗುತ್ತದೆ. ಯೂರೋಪಿನಲ್ಲಿ 15ನೆಯ ಶತಮಾನದ ಚಿತ್ರಗಳಲ್ಲಿಯೇ ಮರದ ಬ್ರೇಸ್ ಕಾಣಸಿಗುತ್ತದೆ. ಬಿಟ್ಟನ್ನು ಬಿಗಿಯಾಗಿ ಹಿಡಿಯುವ, ಇಂದಿಗೂ ಬಳಕೆಯಲ್ಲಿರುವ ಮಾದರಿಯ ಚಕ್ ಅಮೆರಿಕದಲ್ಲಿ 1864ರಲ್ಲಿ ಪೇಟೆಂಟ್ ಪಡೆಯಿತು.

ಬ್ರೇಸ್‌ನ ಮುಖ್ಯ ಭಾಗಗಳು ಇಂತಿವೆ:

(ಅ) ತಲೆಹಿಡಿ: ಮೇಲ್ತುದಿಯಲ್ಲಿರುವ ದುಂಡನೆಯ ಹಿಡಿ. ಇದನ್ನು ಅಂಗೈಯಿಂದ ಅಥವಾ ಎದೆಯಿಂದ ಒತ್ತಲಾಗುತ್ತದೆ. ಚೌಕಟ್ಟು ತಿರುಗಿದರೂ ಇದು ಸ್ಥಿರವಾಗಿ ನಿಲ್ಲಬೇಕು.
(ಆ) ಚೌಕಟ್ಟು: ಬಾಗಿಸಿದ ಉಕ್ಕಿನ ಸರಳು. ಇದರ ಮಧ್ಯಭಾಗದಲ್ಲಿ ತಿರುಗಿಸುವ ಹಿಡಿ ಇರುತ್ತದೆ.
(ಇ) ರ್ಯಾಚೆಟ್: ಹಿಡಿಯನ್ನು ಪೂರ್ಣ ಸುತ್ತು ತಿರುಗಿಸಲು ಸ್ಥಳವಿಲ್ಲದಿರುವಾಗ ಅರ್ಧ ಅಥವಾ ಕಾಲು ಸುತ್ತಿನಿಂದಲೇ ಕೊರೆಯಲು ಅನುವು ಮಾಡಿಕೊಡುವ ಹಲ್ಲುಚಕ್ರದ ವ್ಯವಸ್ಥೆ.
(ಈ) ಚಕ್ ಮತ್ತು ದವಡೆಗಳು: ಬಿಟ್‌ನ ಚೌಕಾಕಾರದ ಬುಡವನ್ನು ಕಚ್ಚಿ ಹಿಡಿಯುವ ಭಾಗ.

3. ವಿದ್ಯುತ್ ಡ್ರಿಲ್ ಇರುವಾಗ ಕೈ ಬ್ರೇಸ್ ಏಕೆ?

ಸಣ್ಣ ಅಳತೆಯ ಹೆಚ್ಚು ಸಂಖ್ಯೆಯ ರಂಧ್ರಗಳಿಗೆ ವಿದ್ಯುತ್ ಡ್ರಿಲ್ ಅನುಕೂಲಕರ ಎಂಬುದರಲ್ಲಿ ಸಂದೇಹವಿಲ್ಲ. ಪಟ್ಟಣದ ಅಂಗಡಿಯಲ್ಲಿ ಪೀಠೋಪಕರಣ ತಯಾರಿಸುವವರು ಅದನ್ನೇ ಆಯ್ಕೆ ಮಾಡಿಕೊಳ್ಳಬಹುದು. ಆದರೆ ಈ ಕೆಳಗಿನ ಸಂದರ್ಭಗಳಲ್ಲಿ ಕೈ ಬ್ರೇಸ್ ಹೆಚ್ಚು ಉಪಯುಕ್ತವಾಗಿರುತ್ತದೆ:

(ಅ) ಹೊಲ, ತೋಟ ಅಥವಾ ಕಣದಲ್ಲಿ, ವಿದ್ಯುತ್ ಸಂಪರ್ಕವಿಲ್ಲದ ಸ್ಥಳದಲ್ಲಿ ದುರಸ್ತಿ ಮಾಡಬೇಕಾದಾಗ.
(ಆ) ಅರ್ಧ ಇಂಚಿಗಿಂತ ದೊಡ್ಡದಾದ ಹಾಗೂ ಆಳವಾದ ರಂಧ್ರಗಳನ್ನು ಕೊರೆಯಬೇಕಾದಾಗ. ಕಡಿಮೆ ವೇಗದಲ್ಲಿ ಹೆಚ್ಚು ತಿರುಚು ಬಲ ದೊರೆಯುವುದರಿಂದ ಮರ ಸುಡುವುದಿಲ್ಲ.
(ಇ) ರಂಧ್ರವು ಇಂತಿಷ್ಟೇ ಆಳದಲ್ಲಿ ನಿಲ್ಲಬೇಕಾದಾಗ. ಪ್ರತಿ ಸುತ್ತಿಗೆ ಬಿಟ್ ಎಷ್ಟು ಇಳಿಯುತ್ತದೆ ಎಂಬುದು ಕೈಗೆ ತಿಳಿಯುತ್ತದೆ.

ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಗ್ರಾಮಗಳ ಉದಾಹರಣೆಯನ್ನು ಗಮನಿಸಬಹುದು. ಮಳೆ ಬಿದ್ದು ಭೂಮಿ ಹದವಾದ ಕೆಲವೇ ದಿನಗಳಲ್ಲಿ ಬಿತ್ತನೆ ಮುಗಿಯಬೇಕು. ಆ ವೇಳೆಗೆ ಕೂರಿಗೆಯ ತಾಳು ಸಡಿಲಗೊಂಡರೆ ಅಥವಾ ಬೀಜದ ಬಟ್ಟಲು ಒಡೆದರೆ ಬಡಗಿಯು ಹೊಲಕ್ಕೇ ಹೋಗಿ ಸರಿಪಡಿಸಬೇಕಾಗುತ್ತದೆ. ಬಟ್ಟಲಿನ ರಂಧ್ರಗಳೆಲ್ಲವೂ ಒಂದೇ ಅಳತೆಯಲ್ಲಿ, ಸಮ ಅಂತರದಲ್ಲಿ ಇರಬೇಕು. ಒಂದು ರಂಧ್ರ ದೊಡ್ಡದಾಗಿ ಮತ್ತೊಂದು ಚಿಕ್ಕದಾದರೆ ಒಂದು ಸಾಲು ಒತ್ತಾಗಿಯೂ ಇನ್ನೊಂದು ಸಾಲು ವಿರಳವಾಗಿಯೂ ಬೀಳುತ್ತದೆ. ಈ ದೋಷವು ಕಣ್ಣಿಗೆ ಬೀಳುವುದು ಬೀಜ ಮೊಳೆತ ನಂತರವೇ. ಆ ಹೊತ್ತಿಗೆ ಭೂಮಿಯ ಹದ ಹೋಗಿರುತ್ತದೆ.

4. ಅಳತೆಯ ಆಯ್ಕೆ

ತಿರುಗಿಸುವ ಹಿಡಿಯು ಒಂದು ಪೂರ್ಣ ಸುತ್ತಿನಲ್ಲಿ ಉಂಟುಮಾಡುವ ವೃತ್ತದ ವ್ಯಾಸವನ್ನು ಬ್ರೇಸ್‌ನ ಅಳತೆಯೆಂದು ಪರಿಗಣಿಸಲಾಗುತ್ತದೆ. ಸಾಮಾನ್ಯವಾಗಿ ದೊರೆಯುವ ಅಳತೆಗಳು ಹೀಗಿವೆ:

• 8 ಇಂಚು (ಸುಮಾರು 200 ಮಿ.ಮೀ.): ಸಣ್ಣ ರಂಧ್ರಗಳು, ತಿರುಪು ಬಿಗಿಯುವುದು, ಇಕ್ಕಟ್ಟಾದ ಸ್ಥಳ.
• 10 ಇಂಚು (ಸುಮಾರು 250 ಮಿ.ಮೀ.): ಬಾಗಿಲು, ಕಿಟಕಿ, ಮಂಚ ಮುಂತಾದ ಎಲ್ಲ ಸಾಮಾನ್ಯ ಕೆಲಸಗಳು.
• 12 ಇಂಚು (ಸುಮಾರು 300 ಮಿ.ಮೀ.): ಗಾಡಿ, ನೊಗ, ತೊಲೆ ಮುಂತಾದ ಗಟ್ಟಿ ಮರದಲ್ಲಿ 1 ಇಂಚು ಮತ್ತು ಅದಕ್ಕೂ ದೊಡ್ಡ ರಂಧ್ರಗಳು.

ಒಂದೇ ಬಲವನ್ನು ಪ್ರಯೋಗಿಸಿದಾಗ 12 ಇಂಚಿನ ಬ್ರೇಸ್‌ನಲ್ಲಿ ದೊರೆಯುವ ತಿರುಚು ಬಲವು 10 ಇಂಚಿನದಕ್ಕಿಂತ ಶೇ. 20ರಷ್ಟು ಹೆಚ್ಚು. ಆದರೆ ಹಿಡಿಯು ಸಾಗಬೇಕಾದ ದೂರವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಸಣ್ಣ ರಂಧ್ರಗಳಿಗೆ ಅದು ನಿಧಾನವೆನಿಸುತ್ತದೆ. ಒಂದೇ ಬ್ರೇಸ್ ಪಡೆಯುವವರು ರ್ಯಾಚೆಟ್ ಇರುವ 10 ಇಂಚಿನ ಬ್ರೇಸ್ ಆಯ್ಕೆ ಮಾಡಿಕೊಳ್ಳುವುದು ಸೂಕ್ತ. ರ್ಯಾಚೆಟ್ ಇಲ್ಲದ ಬ್ರೇಸ್ ಬೆಲೆಯಲ್ಲಿ ಕಡಿಮೆಯಾದರೂ, ಗೋಡೆಗೆ ಕೂರಿಸಿದ ಬಾಗಿಲುವಾಡದ ಮೂಲೆಯಲ್ಲಿ ಕೆಲಸಕ್ಕೆ ಬಾರದು.

5. ಬಿಟ್‌ಗಳ ಆಯ್ಕೆ

ಬ್ರೇಸ್ ಎಷ್ಟೇ ಉತ್ತಮವಾಗಿದ್ದರೂ ಮರವನ್ನು ಕೊರೆಯುವುದು ಬಿಟ್ ಮಾತ್ರ. ಬ್ರೇಸ್‌ಗೆ ಬಳಸುವ ಆಗರ್ ಬಿಟ್‌ನ ತುದಿಯಲ್ಲಿ ಮೂರು ಭಾಗಗಳಿರುತ್ತವೆ. ಮಧ್ಯದ ತುದಿ ತಿರುಪು ಬಿಟ್ಟನ್ನು ಮರದೊಳಕ್ಕೆ ಎಳೆದುಕೊಳ್ಳುತ್ತದೆ. ಅಂಚಿನ ಮೊನೆಗಳು ರಂಧ್ರದ ವೃತ್ತವನ್ನು ಗೆರೆಯಂತೆ ಕೊರೆದು ನಾರನ್ನು ಕತ್ತರಿಸುತ್ತವೆ. ಅಲಗುಗಳು ಒಳಗಿನ ಮರವನ್ನು ಎತ್ತಿ ಹೊರಹಾಕುತ್ತವೆ.

ಇಂಚಿನ ಅಳತೆಯ ಬಿಟ್‌ಗಳ ಬುಡದಲ್ಲಿ ಒಂದು ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಅದು ಇಂಚಿನ 16ನೆಯ ಭಾಗಗಳನ್ನು ಸೂಚಿಸುತ್ತದೆ. ಸಂಖ್ಯೆ 4 ಎಂದರೆ ಕಾಲು ಇಂಚು, 8 ಎಂದರೆ ಅರ್ಧ ಇಂಚು, 12 ಎಂದರೆ ಮುಕ್ಕಾಲು ಇಂಚು, 16 ಎಂದರೆ ಒಂದು ಇಂಚು. ಆರಂಭದಲ್ಲಿ ಈ ನಾಲ್ಕು ಅಳತೆಗಳಿದ್ದರೆ ಗ್ರಾಮದ ಬಹುಪಾಲು ಕೆಲಸ ನಡೆಯುತ್ತದೆ. ಕಾಲು ಇಂಚಿಗಿಂತ ಚಿಕ್ಕದಾದ ರಂಧ್ರಗಳಿಗೆ ಸಣ್ಣ ಬೈರಿಗೆ ಅಥವಾ ಗಾಲಿಯುಳ್ಳ ಕೈ ಡ್ರಿಲ್ ಬಳಸುವುದು ಉತ್ತಮ.

ತುದಿ ತಿರುಪಿನ ಸುತ್ತುಗಳು ಒತ್ತಾಗಿದ್ದರೆ ಬಿಟ್ ನಿಧಾನವಾಗಿ ಇಳಿಯುತ್ತದೆ. ಇದು ಗಟ್ಟಿ ಮರಕ್ಕೆ ಯೋಗ್ಯ. ಸುತ್ತುಗಳು ವಿರಳವಾಗಿದ್ದರೆ ಬೇಗ ಇಳಿಯುತ್ತದೆ. ಇದು ಮೃದು ಮರಕ್ಕೆ ಯೋಗ್ಯ. ನಮ್ಮ ಭಾಗದ ಮರಗಳಿಗೆ ಸಂಬಂಧಿಸಿದಂತೆ ಈ ಅಂಶಗಳನ್ನು ಗಮನಿಸುವುದು:

• ಕರಿಜಾಲಿ: ಗಾಡಿ ಮತ್ತು ಕೃಷಿ ಉಪಕರಣಗಳಿಗೆ ಬಳಸುವ ಗಟ್ಟಿ ಮರ. ಒತ್ತು ಸುತ್ತಿನ ತಿರುಪು ಮತ್ತು ದೊಡ್ಡ ಅಳತೆಯ ಬ್ರೇಸ್ ಅಗತ್ಯ.
• ತೇಗ: ಕೊರೆಯಲು ಸುಲಭವೆನಿಸಿದರೂ ಮರದೊಳಗಿನ ಸಿಲಿಕಾ ಅಂಶದಿಂದ ಅಲಗು ಬೇಗ ಮೊಂಡಾಗುತ್ತದೆ.
• ಬೇವು: ನಾರು ತಿರುಚಿಕೊಂಡಿರುವ ಕಡೆ ಬಿಟ್ ಪಕ್ಕಕ್ಕೆ ಜಾರುವ ಸಂಭವವಿರುವುದರಿಂದ ನಡುನಡುವೆ ನೇರವನ್ನು ನೋಡಿಕೊಳ್ಳಬೇಕು.
• ಅಡಿಕೆ ಮತ್ತು ತೆಂಗು: ಚನ್ನಗಿರಿ ಭಾಗದ ತೋಟಗಳಲ್ಲಿ ಅಡಿಕೆ ದಬ್ಬೆಯನ್ನು ಚಪ್ಪರ ಹಾಗೂ ಅಟ್ಟಣಿಗೆಗೆ ಬಳಸುವುದುಂಟು. ಹೊರಭಾಗ ಗಟ್ಟಿಯಾಗಿದ್ದು ನಾರಿನ ಉದ್ದಕ್ಕೆ ಸೀಳುತ್ತದೆ. ಮೊಳೆ ಹೊಡೆಯುವ ಮುನ್ನ ರಂಧ್ರ ಕೊರೆದುಕೊಂಡರೆ ಸೀಳುವಿಕೆಯನ್ನು ತಪ್ಪಿಸಬಹುದು.

ಎಚ್ಚರಿಕೆ: ತುದಿ ತಿರುಪು ಮತ್ತು ಚೌಕ ಬುಡವುಳ್ಳ ಬ್ರೇಸ್ ಬಿಟ್ಟನ್ನು ವಿದ್ಯುತ್ ಡ್ರಿಲ್‌ಗೆ ಹಾಕಬಾರದು. ಚೌಕ ಬುಡವು ಅದರ ಚಕ್‌ನಲ್ಲಿ ಸರಿಯಾಗಿ ಕೂರುವುದಿಲ್ಲ. ತಿರುಪು ಮರವನ್ನು ಹಠಾತ್ತನೆ ಎಳೆದುಕೊಂಡು ಕೈಗೆ ಪೆಟ್ಟಾಗುವ ಸಂಭವವಿದೆ.

6. ಸ್ವೀಕರಿಸುವ ಮುನ್ನ ಪರಿಶೀಲನೆ

ಬ್ರೇಸ್ ಅನ್ನು ವಿತರಣಾ ಸ್ಥಳದಲ್ಲಿ ಅಥವಾ ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

(1) ಒಂದು ಬಿಟ್ಟನ್ನು ಚಕ್‌ಗೆ ಬಿಗಿದು, ಹಲಗೆಯ ಮೇಲೆ ತುದಿಯನ್ನಿಟ್ಟು ನಿಧಾನವಾಗಿ ತಿರುಗಿಸುವುದು. ತಲೆಹಿಡಿಯು ಒಂದೇ ಕಡೆ ನಿಲ್ಲದೆ ವೃತ್ತಾಕಾರವಾಗಿ ಓಲಾಡಿದರೆ ಚೌಕಟ್ಟು ಬಾಗಿದೆ ಅಥವಾ ದವಡೆಗಳು ಬಿಟ್ಟನ್ನು ನಡುವೆ ಹಿಡಿದಿಲ್ಲ ಎಂದರ್ಥ.
(2) ದವಡೆಗಳೆರಡೂ ಸಮವಾಗಿ ತೆರೆದು ಮುಚ್ಚಬೇಕು. ಚಕ್‌ನ ಮರೆ ಕೈಯಿಂದಲೇ ಸರಾಗವಾಗಿ ತಿರುಗಬೇಕು.
(3) ಆಯ್ಕೆಯ ಉಂಗುರವನ್ನು ಒಂದು ಬದಿಗೆ ತಿರುಗಿಸಿದಾಗ ರ್ಯಾಚೆಟ್ ಒಂದು ದಿಕ್ಕಿನಲ್ಲಿ, ಇನ್ನೊಂದು ಬದಿಗೆ ತಿರುಗಿಸಿದಾಗ ವಿರುದ್ಧ ದಿಕ್ಕಿನಲ್ಲಿ ಹಿಡಿಯಬೇಕು. ಮಧ್ಯದಲ್ಲಿಟ್ಟಾಗ ಎರಡೂ ಕಡೆ ಬಿಗಿಯಾಗಿರಬೇಕು. ಹಲ್ಲು ಜಾರುವ ರ್ಯಾಚೆಟ್ ಸ್ವೀಕಾರಾರ್ಹವಲ್ಲ.
(4) ತಲೆಹಿಡಿಯು ಅಲುಗಾಡದೆ ಸುಲಭವಾಗಿ ತಿರುಗಬೇಕು.
(5) ಹಿಡಿಗಳಲ್ಲಿ ಬಿರುಕು ಇರಬಾರದು.
(6) ಬಿಟ್‌ನ ತುದಿ ತಿರುಪು ಮುರಿಯದೆ ಚೂಪಾಗಿರಬೇಕು. ಬಿಟ್ಟನ್ನು ಸಮತಟ್ಟಾದ ಹಲಗೆಯ ಮೇಲೆ ಉರುಳಿಸಿದಾಗ ಕುಪ್ಪಳಿಸಿದರೆ ಅದು ಬಾಗಿದೆ ಎಂದು ತಿಳಿಯುವುದು.

ದೋಷ ಕಂಡುಬಂದಲ್ಲಿ ಸ್ವೀಕೃತಿ ಪತ್ರಕ್ಕೆ ಸಹಿ ಮಾಡುವ ಮುನ್ನವೇ ಅದನ್ನು ವಿತರಣಾ ಸಿಬ್ಬಂದಿಯ ಗಮನಕ್ಕೆ ತರುವುದು. ಅಂಗಡಿಯಲ್ಲಿ ಖರೀದಿಸಿದ ಪಕ್ಷದಲ್ಲಿ ರಸೀದಿಯನ್ನು ಪಡೆದು ಕಾಪಾಡಿಕೊಳ್ಳುವುದು.

7. ಬಳಸುವ ವಿಧಾನ

(1) ಗುರುತು: ರಂಧ್ರದ ಕೇಂದ್ರವನ್ನು ಅಡ್ಡ ಮತ್ತು ಉದ್ದ ಗೆರೆಗಳಿಂದ ಗುರುತಿಸಿ, ಚೂಪಾದ ಮೊಳೆ ಅಥವಾ ದಬ್ಬಳದಿಂದ ಸಣ್ಣ ಕುಳಿ ಮಾಡುವುದು. ಹಳೆಯ ಮರವಾಗಿದ್ದರೆ ಒಳಗೆ ಮೊಳೆ ಇದೆಯೇ ಎಂದು ಮೊದಲು ನೋಡುವುದು. ಒಂದು ಮೊಳೆ ತಗುಲಿದರೂ ಅಂಚಿನ ಮೊನೆ ಮುರಿಯುತ್ತದೆ.

(2) ಹಿಡಿತ: ಮರವನ್ನು ಅಲುಗಾಡದಂತೆ ಬಿಗಿಯುವುದು. ಕೊರೆಯುವ ಸ್ಥಳದ ಕೆಳಗೆ ಕೈ ಅಥವಾ ಕಾಲು ಇರಬಾರದು. ಎಡಗೈಯಿಂದ ತಲೆಹಿಡಿಯನ್ನು ಒತ್ತಿ, ಬಲಗೈಯಿಂದ ಹಿಡಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುವುದು. ಮರವನ್ನು ನಿಲ್ಲಿಸಿ ಅಡ್ಡಲಾಗಿ ಕೊರೆಯುವಾಗ ತಲೆಹಿಡಿಯನ್ನು ಹೊಟ್ಟೆ ಅಥವಾ ಎದೆಗೆ ಆನಿಸಿಕೊಳ್ಳಬಹುದು.

(3) ನೇರ: ಮಟ್ಟಗೋಲನ್ನು ಬಿಟ್‌ನ ಪಕ್ಕದಲ್ಲಿ ನಿಲ್ಲಿಸಿ ಎರಡು ಬದಿಯಿಂದ ನೋಡುವುದು. ಮೊದಲ ನಾಲ್ಕೈದು ಸುತ್ತುಗಳಲ್ಲಿಯೇ ನೇರವನ್ನು ಸರಿಪಡಿಸಿಕೊಳ್ಳಬೇಕು. ಆಳಕ್ಕೆ ಇಳಿದ ಮೇಲೆ ಓರೆಯನ್ನು ತಿದ್ದಲು ಹೋದರೆ ಬಿಟ್ ಬಾಗುತ್ತದೆ. ಕೂರಿಗೆಯ ಬಟ್ಟಲಿನಂತೆ ಓರೆಯಾಗಿ ಕೊರೆಯಬೇಕಾದಲ್ಲಿ, ಅದೇ ಓರೆಗೆ ಕತ್ತರಿಸಿದ ಮರದ ತುಂಡನ್ನು ಪಕ್ಕದಲ್ಲಿಟ್ಟು ಎಲ್ಲ ರಂಧ್ರಗಳಿಗೂ ಆ ಒಂದೇ ತುಂಡನ್ನು ಅಳತೆಯಾಗಿ ಬಳಸುವುದು.

(4) ಒತ್ತಡ: ತುದಿ ತಿರುಪು ಮರವನ್ನು ಹಿಡಿದ ನಂತರ ಹೆಚ್ಚಿನ ಒತ್ತಡ ಬೇಕಿಲ್ಲ. ಬಲವಾಗಿ ಒತ್ತಬೇಕಾಗಿ ಬಂದರೆ ಬಿಟ್ ಮೊಂಡಾಗಿದೆ ಅಥವಾ ತಿರುಪಿನಲ್ಲಿ ಮರದ ಚೂರು ತುಂಬಿದೆ ಎಂದು ತಿಳಿದು ಹೊರತೆಗೆದು ನೋಡುವುದು.

(5) ಆಳ: ನಿಗದಿತ ಆಳಕ್ಕೆ ನಿಲ್ಲಿಸಬೇಕಾದಲ್ಲಿ ಬಿಟ್‌ನ ಮೇಲೆ ಆ ಅಳತೆಯಲ್ಲಿ ಬಟ್ಟೆಯ ಪಟ್ಟಿ ಸುತ್ತಿ ಗುರುತು ಮಾಡುವುದು.

(6) ಆಚೆ ಬದಿ: ರಂಧ್ರವನ್ನು ಪೂರ್ಣ ಕೊರೆಯುವಾಗ ತುದಿ ತಿರುಪಿನ ಮೊನೆ ಆಚೆ ಬದಿಯಲ್ಲಿ ಕಾಣಿಸಿಕೊಂಡ ಕೂಡಲೇ ನಿಲ್ಲಿಸಬೇಕು. ಮರವನ್ನು ಮಗುಚಿ, ಆ ಸಣ್ಣ ತೂತಿನಲ್ಲಿ ತುದಿಯನ್ನಿಟ್ಟು ಎದುರು ಬದಿಯಿಂದ ಮುಗಿಸಬೇಕು. ಮಗುಚಲು ಸಾಧ್ಯವಿಲ್ಲದಿದ್ದರೆ ಆಚೆ ಬದಿಗೆ ಒಂದು ಹಲಗೆಯ ತುಂಡನ್ನು ಬಿಗಿದುಕೊಳ್ಳಬೇಕು. ಈ ಒಂದು ಕ್ರಮವನ್ನು ಪಾಲಿಸದಿರುವುದರಿಂದಲೇ ನಯವಾದ ಬಾಗಿಲುವಾಡದ ಮುಖವು ಸಿಬಿರೆದ್ದು ಹಾಳಾಗುತ್ತದೆ.

(7) ಹೊರತೆಗೆಯುವುದು: ಬಿಟ್ಟನ್ನು ಒಂದೆರಡು ಸುತ್ತು ಹಿಮ್ಮುಖವಾಗಿ ತಿರುಗಿಸಿ ತಿರುಪನ್ನು ಬಿಡಿಸಿಕೊಂಡು, ಬಳಿಕ ಮುಮ್ಮುಖವಾಗಿ ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಚೂರುಗಳೂ ಹೊರಬರುತ್ತವೆ.

(8) ಕೂಡುಗುಳಿ: ಬಾಗಿಲುವಾಡ ಮತ್ತು ಮಂಚದ ಕೂಡುಗುಳಿ ತೆಗೆಯುವಾಗ ಗುಳಿಯ ಅಗಲಕ್ಕಿಂತ ಸ್ವಲ್ಪ ಚಿಕ್ಕ ಬಿಟ್‌ನಿಂದ ಸಾಲಾಗಿ ರಂಧ್ರ ಕೊರೆದು, ಉಳಿದ ಮರವನ್ನು ಉಳಿಯಿಂದ ತೆಗೆದರೆ ಶ್ರಮ ಮತ್ತು ಸಮಯ ಎರಡೂ ಉಳಿಯುತ್ತವೆ.

ವಿದ್ಯುತ್ ತಂತಿ ಹಾದುಹೋಗಿರಬಹುದಾದ ಗೋಡೆಯ ಬಳಿ ಕೊರೆಯುವ ಮುನ್ನ ಮುಖ್ಯ ಸ್ವಿಚ್ ಆರಿಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು.

8. ಹರಿತಗೊಳಿಸುವಿಕೆ ಮತ್ತು ನಿರ್ವಹಣೆ

ಬಿಟ್ಟನ್ನು ಸಾಣೆ ಚಕ್ರಕ್ಕೆ ಹಿಡಿಯಬಾರದು. ಸಣ್ಣ ಅರದಿಂದ ಕೈಯಲ್ಲಿಯೇ ಹರಿತಗೊಳಿಸಬೇಕು. ಅಂಚಿನ ಮೊನೆಗಳನ್ನು ಒಳಬದಿಯಿಂದ ಮಾತ್ರ ಉಜ್ಜುವುದು. ಹೊರಬದಿಯನ್ನು ಉಜ್ಜಿದರೆ ಕೊರೆಯುವ ವೃತ್ತವು ಬಿಟ್‌ನ ಮೈಗಿಂತ ಚಿಕ್ಕದಾಗಿ ಬಿಟ್ ರಂಧ್ರದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಅಂತಹ ಬಿಟ್ಟನ್ನು ಮತ್ತೆ ಸರಿಪಡಿಸಲಾಗುವುದಿಲ್ಲ. ಅಲಗುಗಳನ್ನು ಬುಡದ ಕಡೆಗಿರುವ ಮೇಲ್ಮುಖದಲ್ಲಿ ಮಾತ್ರ ಉಜ್ಜುವುದು. ತುದಿ ತಿರುಪಿಗೆ ಅರವನ್ನು ತಾಗಿಸಬಾರದು.

ರ್ಯಾಚೆಟ್, ತಲೆಹಿಡಿಯ ಬುಡ ಮತ್ತು ಚಕ್‌ನ ತಿರುಪಿಗೆ ಆಗಾಗ್ಗೆ ಒಂದೆರಡು ಹನಿ ಯಂತ್ರದ ಎಣ್ಣೆ ಹಾಕುವುದು. ಬಿಟ್‌ಗಳನ್ನು ಚೀಲದಲ್ಲಿ ಒಟ್ಟಿಗೆ ತುಂಬದೆ, ಪ್ರತ್ಯೇಕ ಜೇಬುಗಳುಳ್ಳ ಬಟ್ಟೆಯಲ್ಲಿ ಸುತ್ತಿಡುವುದು. ಮಳೆಗಾಲದಲ್ಲಿ ಕೆಲಸ ಮುಗಿದ ಕೂಡಲೇ ಒರೆಸಿ ಎಣ್ಣೆ ಸವರಿದರೆ ತುಕ್ಕು ಹಿಡಿಯುವುದಿಲ್ಲ. ಹೀಗೆ ನೋಡಿಕೊಂಡ ಬ್ರೇಸ್ ತಂದೆಯಿಂದ ಮಗನಿಗೆ ಬಳಕೆಗೆ ಬರುವಷ್ಟು ಬಾಳುತ್ತದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪಿಎಂ ವಿಶ್ವಕರ್ಮ ಯೋಜನೆಗೆ ಸಂಬಂಧಿಸಿದಂತೆ:

• ನೋಂದಣಿ ದಿನಾಂಕಕ್ಕೆ 18 ವರ್ಷ ತುಂಬಿರಬೇಕು ಮತ್ತು ಸ್ವಯಂ ಉದ್ಯೋಗಿಯಾಗಿ ವೃತ್ತಿಯಲ್ಲಿ ತೊಡಗಿರಬೇಕು.
• ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ.
• ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಮತ್ತು ಪಡಿತರ ಚೀಟಿಯ ವಿವರಗಳೊಂದಿಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ನೀಡಿ ನೋಂದಾಯಿಸಿಕೊಳ್ಳುವುದು.
• ಅರ್ಜಿಯು ಮೊದಲು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆಯಲ್ಲಿ, ನಂತರ ಜಿಲ್ಲಾ ಸಮಿತಿಯಲ್ಲಿ, ಕೊನೆಗೆ ಪರಿಶೀಲನಾ ಸಮಿತಿಯಲ್ಲಿ ಪರಿಶೀಲಿಸಲ್ಪಡುತ್ತದೆ.
• ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ ರೂ. 500 ಶಿಷ್ಯವೇತನಕ್ಕೆ ಅವಕಾಶವಿದೆ. ತರಬೇತಿಯ ಸಂದರ್ಭದಲ್ಲಿ ಬ್ರೇಸ್ ಮತ್ತು ಬಿಟ್‌ಗಳನ್ನು ಬಳಸಿ ನೋಡಿ ತಮಗೆ ಹೊಂದುವ ಅಳತೆಯನ್ನು ನಿರ್ಧರಿಸಿಕೊಳ್ಳುವುದು ಒಳಿತು.
• ಬಂಡವಾಳ ಬೇಕಾದವರಿಗೆ ಶೇ. 5ರ ಬಡ್ಡಿ ದರದಲ್ಲಿ ಮೊದಲ ಹಂತದಲ್ಲಿ ರೂ. 1 ಲಕ್ಷ ಹಾಗೂ ಎರಡನೆಯ ಹಂತದಲ್ಲಿ ರೂ. 2 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ.

ಹೊನ್ನಾಳಿ ತಾಲ್ಲೂಕಿನಿಂದ ಬೇರ್ಪಟ್ಟು ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗಿರುವುದರಿಂದ, ಹಳೆಯ ದಾಖಲೆಗಳಲ್ಲಿ ಹೊನ್ನಾಳಿ ಎಂದೇ ನಮೂದಾಗಿರುವ ನ್ಯಾಮತಿ ಭಾಗದ ಅರ್ಜಿದಾರರು ಅರ್ಜಿಯಲ್ಲಿ ತಮ್ಮ ಈಗಿನ ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಯ ಹೆಸರನ್ನು ಸರಿಯಾಗಿ ನಮೂದಿಸುವುದು. ವಿಳಾಸದ ವ್ಯತ್ಯಾಸದಿಂದ ಅರ್ಜಿಯು ಬೇರೆ ಕಡೆಗೆ ಹೋಗಿ ವಿಳಂಬವಾಗುವುದನ್ನು ಇದರಿಂದ ತಪ್ಪಿಸಬಹುದು.

ಉಪಕರಣ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ವೋಚರ್‌ನ ಗುಪ್ತ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು. ದೊರೆತ ಉಪಕರಣವನ್ನು ಮಾರಿಬಿಟ್ಟರೆ ಕೈಗೆ ಬರುವ ಹಣ ಕೆಲವು ದಿನಗಳಲ್ಲಿ ಖರ್ಚಾಗುತ್ತದೆ. ಉಪಕರಣವು ಪ್ರತಿ ಹಂಗಾಮಿನಲ್ಲಿಯೂ ದುಡಿಮೆ ತರುತ್ತದೆ ಎಂಬುದನ್ನು ಫಲಾನುಭವಿಗಳು ಮನಗಾಣಬೇಕು.

10. ಹೆಚ್ಚಿನ ಮಾಹಿತಿಗಾಗಿ

ಅರ್ಜಿ ಸಲ್ಲಿಸುವ ಅವಧಿ, ಆ ವರ್ಷ ಲಭ್ಯವಿರುವ ಉಪಕರಣಗಳು ಮತ್ತು ಅಗತ್ಯ ದಾಖಲೆಗಳ ಬಗ್ಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕು ಪಂಚಾಯಿತಿ ಕಚೇರಿಗಳಲ್ಲಿ ಕೈಗಾರಿಕಾ ವಿಸ್ತರಣಾಧಿಕಾರಿಗಳನ್ನು ಅಥವಾ ದಾವಣಗೆರೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಸ್ವತಃ ಓದಲು ಅನುಕೂಲವಿಲ್ಲದ ಕುಶಲಕರ್ಮಿಗಳಿಗೆ ಈ ಮಾಹಿತಿಯನ್ನು, ವಿಶೇಷವಾಗಿ 6ನೆಯ ಭಾಗದ ಪರಿಶೀಲನಾ ಅಂಶಗಳನ್ನು, ಕುಟುಂಬದ ಸದಸ್ಯರು ಅಥವಾ ಗ್ರಾಮ ಪಂಚಾಯಿತಿ ಸಿಬ್ಬಂದಿಯು ಓದಿ ಹೇಳಬೇಕೆಂದು ಕೋರಲಾಗಿದೆ.